ಹೆಸರು ಗುಲ್ಬರ್ಗಾದ್ದು, ಆಟ ಬೆಂಗಳೂರಿನದು

2022ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಲ್ಬರ್ಗಾ ಗೆದ್ದಿತು. ಮಹಾರಾಜ ಟ್ರೋಫಿ ಟಿ20 ಟೂರ್ನಿಗೆ ಅದು ಮೊದಲ ವರ್ಷ. ಫೈನಲ್‌ನಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ತಂಡ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್‌ಗಳಿಂದ ಮಣಿಸಿತು. ಗೆದ್ದ ತಂಡದ ನಾಯಕ ಮನೀಷ್ ಪಾಂಡೆ ಹುಟ್ಟಿದ್ದು ನೈನಿತಾಲದಲ್ಲಿ. ಆ ವರ್ಷದ ಪಂದ್ಯಗಳು ಮೈಸೂರು, ಬೆಂಗಳೂರಿನಲ್ಲಿ ನಡೆದವು. 2023 ಮತ್ತು 2024ರಲ್ಲಿ ಬೆಂಗಳೂರು, 2025ರಲ್ಲಿ ಮತ್ತೆ ಮೈಸೂರು. ಈ ನಾಲ್ಕು ವರ್ಷಗಳಲ್ಲಿ ಗುಲ್ಬರ್ಗಾ ತಂಡ ತನ್ನ ಹೆಸರಿನ ಊರಾದ ಕಲಬುರಗಿಯಲ್ಲಿ ಒಂದೂ ಪಂದ್ಯ ಆಡಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಂದಿ ತಮ್ಮ ಜಿಲ್ಲೆಯ ತಂಡವನ್ನು ನೋಡಿದ್ದು ಟಿವಿಯಲ್ಲಿ, ಇಲ್ಲವೇ ಮೊಬೈಲ್‌ನಲ್ಲಿ.

ಇದರಲ್ಲಿ ಮೋಸವೇನೂ ಇಲ್ಲ. ಟಿವಿಗಾಗಿ ಕಟ್ಟಿದ ಟೂರ್ನಿ ಟಿವಿಗೆ ಅನುಕೂಲವಾದ ಊರಿನಲ್ಲೇ ನಡೆಯುತ್ತದೆ. ಹೊನಲು ಬೆಳಕಿನ ದೀಪಸ್ತಂಭಗಳಿರಬೇಕು, ಕ್ಯಾಮೆರಾಗಳಿಗೆ ಎತ್ತರದ ಜಾಗ ಇರಬೇಕು, ಆರು ತಂಡಗಳಿಗೆ ಹೋಟೆಲ್ ಇರಬೇಕು. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಬಳಿಕ ಟೂರ್ನಿ ಮೈಸೂರಿಗೆ ಹೋಗಿ ಪ್ರೇಕ್ಷಕರಿಲ್ಲದೆಯೇ ನಡೆಯಿತು. ಖಾಲಿ ಕುರ್ಚಿಗಳ ಮುಂದೆ ಇಡೀ ಟೂರ್ನಿ ಮುಗಿಯಿತು, ಯಾರಿಗೂ ನಷ್ಟವಾದಂತೆ ಕಾಣಲಿಲ್ಲ. ಈ ವ್ಯಾಪಾರದಲ್ಲಿ ಗೇಟಿನ ಟಿಕೆಟ್ ಹಣದ ಪಾಲು ಎಷ್ಟು ಸಣ್ಣದೆಂದು ಇದಕ್ಕಿಂತ ಚೆನ್ನಾಗಿ ತೋರಿಸಲು ಆಗದು. ಪ್ರೇಕ್ಷಕರೇ ಬೇಡವೆಂದಾದರೆ ಕಲಬುರಗಿ ಏಕಾಗಬಾರದು ಎಂದು ಆಗ ಯಾರಾದರೂ ಕೇಳಬೇಕಿತ್ತು.

ಆಟದ ಭೂಪಟವನ್ನು ಕ್ಯಾಮೆರಾ ಹೇಗೆ ತಿದ್ದಿ ಬರೆಯುತ್ತದೆ ಎಂಬುದಕ್ಕೆ ಅಮೆರಿಕದ ಕಾಲೇಜು ಕ್ರೀಡೆಯಷ್ಟು ದೊಡ್ಡ ಉದಾಹರಣೆ ಬೇರೆ ಸಿಗದು. ಅಲ್ಲಿ ಕಾಲೇಜು ಫುಟ್‌ಬಾಲ್ ನಮ್ಮ ಐಪಿಎಲ್ ಇದ್ದಂತೆ. ಅಕ್ಕಪಕ್ಕದ ವಿಶ್ವವಿದ್ಯಾಲಯಗಳು ಗುಂಪು ಕಟ್ಟಿಕೊಂಡು ತಮ್ಮೊಳಗೆ ಆಡುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಪಶ್ಚಿಮ ಕರಾವಳಿಯ ಪ್ಯಾಕ್-12 ಅಂಥದ್ದೊಂದು ಗುಂಪು, ಅದರ ಬೇರು 1915ರಷ್ಟು ಹಳೆಯದು. 1984ರವರೆಗೆ ಯಾವ ಪಂದ್ಯ ಟಿವಿಯಲ್ಲಿ ಬರಬೇಕೆಂದು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯೇ ತೀರ್ಮಾನಿಸುತ್ತಿತ್ತು. ಓಕ್ಲಹೋಮಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು ಮುರಿಯಿತು. ಅಂದಿನಿಂದ ಯಾರ ಆಟ ಅವರದೇ ಸರಕು. ಒಂಟಿಯಾಗಿ ಮಾರುವುದಕ್ಕಿಂತ ದೊಡ್ಡ ಹೆಸರಿನ ಗುಂಪಿನೊಳಗೆ ಸೇರಿ ಮಾರಿದರೆ ಬೆಲೆ ಹೆಚ್ಚು ಎಂಬುದು ಎಲ್ಲರಿಗೂ ಬೇಗ ಅರ್ಥವಾಯಿತು.

2022ರ ಜೂನ್ 30ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು ಪ್ಯಾಕ್-12 ತೊರೆದು ಬಿಗ್ ಟೆನ್ ಗುಂಪಿಗೆ ಹೋಗುವುದಾಗಿ ಹೇಳಿದವು. ಬಿಗ್ ಟೆನ್ ಇರುವುದು ಹೆಚ್ಚುಕಡಿಮೆ ಎರಡು ಸಾವಿರ ಮೈಲಿ ಆಚೆ. ಅದಾದ ಎರಡೇ ತಿಂಗಳಲ್ಲಿ ಆ ಗುಂಪು ಏಳು ವರ್ಷಗಳ ಪ್ರಸಾರ ಹಕ್ಕನ್ನು 700 ಕೋಟಿ ಡಾಲರಿಗೂ ಮೀರಿ ಮಾರಿತು. 2023ರ ಆಗಸ್ಟ್‌ನಲ್ಲಿ ಆರೆಗಾನ್, ವಾಷಿಂಗ್ಟನ್, ಆರಿಜೋನಾ, ಯೂಟಾ ಎಲ್ಲ ಗಂಟುಮೂಟೆ ಕಟ್ಟಿದವು. ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಗುಂಪಿಗೆ ಸೇರಿದವು. ಪೆಸಿಫಿಕ್ ದಂಡೆಯ ಹುಡುಗರು ಅಟ್ಲಾಂಟಿಕ್ ಲೀಗ್‌ನಲ್ಲಿ! ಕೊನೆಗೆ ಉಳಿದವು ಎರಡೇ. ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಮೊದಲನೆಯದು ಕೊರ್ವಾಲಿಸ್ ಎಂಬ ಊರಿನದು, ಎರಡನೆಯದು ಪುಲ್‌ಮನ್ ಎಂಬ ಊರಿನದು. ಎರಡೂ ಸಣ್ಣ ಪಟ್ಟಣ, ಟಿವಿ ಮಾರುಕಟ್ಟೆಯೂ ಸಣ್ಣದು. ಅವರ ಆಟದಲ್ಲಿ ಕುಂದೇನೂ ಇರಲಿಲ್ಲ. ಟಿವಿ ಲೆಕ್ಕದಲ್ಲಿ ಅವರ ಊರು ಹಿಡಿಸಲಿಲ್ಲ, ಅಷ್ಟೆ.

ಸೇಡಂನಿಂದ ಚಿಂಚೋಳಿಯವರೆಗಿನ ನಮ್ಮ ಆ ಐದು ಊರುಗಳ ಕಾಲೇಜುಗಳೂ ಹೀಗೆ ಗುಂಪಿನಿಂದ ಗುಂಪಿಗೆ ಹೋದವೇ. ಅಮೆರಿಕದವರಿಗಿಂತ ಹೆಚ್ಚು ಸಲವೇ ಹೋಗಿವೆ ಎನ್ನಬೇಕು. ಆದರೆ ಇಲ್ಲಿ ಗುಂಪು ಬದಲಿಸಿದ್ದು ಸರ್ಕಾರಿ ಆದೇಶ.

ನಿಜಾಮರ ಕಾಲದಲ್ಲಿ ಈ ಸೀಮೆಯ ಉನ್ನತ ಶಿಕ್ಷಣವೆಲ್ಲ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರಳಿನಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಗುಲ್ಬರ್ಗಾದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಬಂತು. 1980ರಲ್ಲಿ ಅದೇ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. ಗುಲ್ಬರ್ಗಾ, ಬೀದರ್, ರಾಯಚೂರು, ಬಳ್ಳಾರಿ ಎಲ್ಲ ಅದರ ಅಂಗಳ. ಆಮೇಲೆ ಕತ್ತರಿ ಆಡತೊಡಗಿತು. 1996ರಲ್ಲಿ ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದವು. 2010ರಲ್ಲಿ ಬಳ್ಳಾರಿ, ಕೊಪ್ಪಳ ಬೇರೆಯಾದವು, 2021ರಲ್ಲಿ ರಾಯಚೂರು, ಯಾದಗಿರಿ, ಆಮೇಲೆ ಬೀದರ್. ಈಗ ಗುಲ್ಬರ್ಗಾ ವಿಶ್ವವಿದ್ಯಾಲಯದ ಕ್ರೀಡಾ ಅಂಗಳವೆಂದರೆ ಹೆಚ್ಚುಕಡಿಮೆ ಕಲಬುರಗಿ ಜಿಲ್ಲೆಯೊಂದೇ.

ಇದರ ಪರಿಣಾಮ ಪಾಠಕ್ಕಿಂತ ಆಟದ ಮೇಲೆ ಬೇಗ ಕಾಣುತ್ತದೆ, ಅದನ್ನು ಯಾವ ಸಮಿತಿಯೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಹಿಂದೆ ಸೇಡಂನ ಹುಡುಗನೊಬ್ಬ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಳ್ಳಬೇಕಾದರೆ ಬಳ್ಳಾರಿ, ರಾಯಚೂರು, ಬೀದರಿನ ಹುಡುಗರನ್ನು ಮೀರಿಸಬೇಕಿತ್ತು. ಈಗ ಶಹಾಬಾದ್, ಆಳಂದ, ಜೇವರ್ಗಿಯವರನ್ನು ಮೀರಿಸಿದರೆ ಸಾಕು. ದಾರಿ ಸುಲಭವಾಯಿತು, ನಿಜ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುವ ಹುಡುಗ ಹುಡುಗಿಯರ ಸಂಖ್ಯೆಯೂ ಏರಿತು. ಒಂದು ತಂಡ ಹೋಗುತ್ತಿದ್ದ ಕಡೆಯಿಂದ ಈಗ ನಾಲ್ಕು ಹೋಗುತ್ತವೆ. ಆ ಸರ್ಟಿಫಿಕೇಟಿನಿಂದ ಕ್ರೀಡಾ ಕೋಟಾದ ಬಾಗಿಲು ತೆರೆಯುವುದರಿಂದ ಇದನ್ನು ಹಗುರವಾಗಿ ಕಾಣಬಾರದು. ಆದರೆ ದಕ್ಷಿಣ ವಲಯದಲ್ಲಿ ಎದುರಿಗೆ ನಿಲ್ಲುವವರು ಕ್ಯಾಲಿಕಟ್, ಎಸ್‌ಆರ್‌ಎಂ, ಮಂಗಳೂರು. ಒಂದು ಜಿಲ್ಲೆಯೊಳಗೆ ಆಯ್ದ ತಂಡ ಅಲ್ಲಿ ಮೊದಲ ಸುತ್ತಿನಲ್ಲೇ ಸೋತು ರಾತ್ರಿ ರೈಲು ಹಿಡಿದರೆ ಆಶ್ಚರ್ಯವಿಲ್ಲ. ಬ್ಲೂಗಳ ಸಂಖ್ಯೆ ಹೆಚ್ಚಿತು, ಅದನ್ನು ಗಳಿಸುವ ಪೈಪೋಟಿಯ ಬಿಸಿ ಇಳಿಯಿತು.

ಮಂಗಳೂರಿನ ಮಾತು ಬಂತು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಮತ್ತೆ ಮತ್ತೆ ಚಾಂಪಿಯನ್ ಆಗಿದ್ದರ ಹಿಂದೆ ಮೂಡುಬಿದಿರೆಯ ಆಳ್ವಾಸ್ ಕಾಲೇಜಿದೆ. ಬೇರೆ ಬೇರೆ ಜಿಲ್ಲೆ, ರಾಜ್ಯಗಳ ಓಟಗಾರರನ್ನು ಕರೆತಂದು ಊಟ, ವಸತಿ, ಶಿಕ್ಷಣ ಕೊಟ್ಟು ತಯಾರು ಮಾಡುವ ಪದ್ಧತಿ ಅಲ್ಲಿನದು. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮೊದಲ ಸ್ಥಾನ ಪಡೆದದ್ದು ಜೈನ್ ವಿಶ್ವವಿದ್ಯಾಲಯ, ಅದೂ ಖಾಸಗಿ. ಭಾರತದಲ್ಲಿ ಕಾಲೇಜು ಆಟದ ಪ್ರಸಾರ ಹಕ್ಕನ್ನು ದುಡ್ಡು ಸುರಿದು ಕೊಳ್ಳುವವರಿಲ್ಲ. ಹಾಗಾದರೆ ಈ ಸಂಸ್ಥೆಗಳು ಆಟಕ್ಕೆ ದುಡ್ಡು ಹಾಕುವುದೇಕೆ? ಪ್ರೀತಿ ಇರಬಹುದು, ಇಲ್ಲವೆನ್ನುವುದಿಲ್ಲ. ಅದರ ಜೊತೆಗೆ ಪದಕದ ಫೋಟೊ ಪ್ರವೇಶಾತಿಯ ಜಾಹೀರಾತಿಗೆ ಬರುತ್ತದೆ. ಅಮೆರಿಕದಲ್ಲಿ ಟಿವಿ ಕಂಪನಿ ಮಾಡುವ ಕೆಲಸವನ್ನು ಇಲ್ಲಿ ಮುಂದಿನ ಜೂನ್ ತಿಂಗಳ ಅಡ್ಮಿಷನ್ ಮಾಡುತ್ತದೆ. ಚಿತ್ತಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಜಾಹೀರಾತಿನ ಹಂಗಿಲ್ಲ. ಹಾಗಾಗಿ ಆ ಹಣವೂ ಇಲ್ಲ. ಅಲ್ಲಿಗೆ ಬರುವುದು ವಿದ್ಯಾರ್ಥಿ ಪ್ರವೇಶದ ವೇಳೆ ಕಟ್ಟುವ ಕ್ರೀಡಾ ಶುಲ್ಕ. ಅದರಲ್ಲಿ ವಿಶ್ವವಿದ್ಯಾಲಯದ ಪಾಲು ಕಳೆದು ಉಳಿದದ್ದರಲ್ಲಿ ದೈಹಿಕ ಶಿಕ್ಷಣದ ಪಿ.ಡಿ. ಸರ್ ನೆಟ್, ಚೆಂಡು, ಜೆರ್ಸಿ, ಹುಡುಗರ ಟಿಎ-ಡಿಎ ಎಲ್ಲ ತೂಗಿಸಬೇಕು. ಆಡುವವರೇ ದುಡ್ಡು ಹಾಕಿ ಆಡುವ ಆಟ ಇದು.

ಇನ್ನು ದುಡ್ಡಿರುವ ಕಡೆಗೆ ಬರೋಣ. 2022ರ ಜೂನ್‌ನಲ್ಲಿ ಬಿಸಿಸಿಐ 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕನ್ನು 48,390 ಕೋಟಿ ರೂಪಾಯಿಗೆ ಹರಾಜು ಹಾಕಿತು. ಅದರ ಹಿಂದಿನ ಐದು ವರ್ಷಕ್ಕೆ ಬಂದಿದ್ದು 16,347.5 ಕೋಟಿ. ಹೊಸ ಒಪ್ಪಂದದಲ್ಲಿ 410 ಪಂದ್ಯ; ಪಂದ್ಯಕ್ಕೆ 118 ಕೋಟಿ. ಎರಡೂ ತಂಡ ಇಪ್ಪತ್ತು ಓವರ್ ಪೂರ್ತಿ ಆಡಿದರೆ 240 ಎಸೆತ, ಅಂದರೆ ಎಸೆತಕ್ಕೆ ಸುಮಾರು 49 ಲಕ್ಷ. ಒಂದು ವೈಡ್ ಹಾಕಿದರೆ ಪ್ರಸಾರಕರಿಗೆ ಒಂದು ಎಸೆತ ಪುಕ್ಕಟೆ.

ಇಷ್ಟು ಹಣದಲ್ಲಿ ಒಂದು ಹನಿಯೂ ಕೆಳಗೆ ಇಳಿಯುವುದಿಲ್ಲ ಎಂದು ಗೊಣಗುವುದು ರೂಢಿ. ಅದು ಪೂರ್ತಿ ನಿಜವಲ್ಲ. ಬಿಸಿಸಿಐ ತನ್ನ ಆದಾಯದ ಶೇಕಡಾ 26 ಆಟಗಾರರಿಗೆ ಎಂದು ಬಹಳ ಹಿಂದೆಯೇ ಒಪ್ಪಿಕೊಂಡಿದೆ. 2021ರಲ್ಲಿ ಪರಿಷ್ಕರಿಸಿದ ದರದಂತೆ 40ಕ್ಕಿಂತ ಹೆಚ್ಚು ರಣಜಿ ಪಂದ್ಯ ಆಡಿದವನಿಗೆ ದಿನಕ್ಕೆ 60,000 ರೂಪಾಯಿ, ಹೊಸಬನಿಗೆ 40,000, 23 ವರ್ಷದೊಳಗಿನವರಿಗೆ 25,000, 19ರೊಳಗಿನವರಿಗೆ 20,000. ಅಮೆರಿಕದ ಕಾಲೇಜು ಆಟಗಾರನಿಗೆ ಇಷ್ಟು ದಶಕಗಳ ಕಾಲ ವಿದ್ಯಾರ್ಥಿವೇತನ ಬಿಟ್ಟು ಬೇರೆ ಪಾಲು ಇರಲಿಲ್ಲ. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ರಾಜಿಯ ಬಳಿಕವೇ ಕಾಲೇಜು ತನ್ನ ಆಟಗಾರರಿಗೆ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು ಎಂದಾಯಿತು. ಈ ಒಂದು ವಿಷಯದಲ್ಲಿ ನಮ್ಮ ಕ್ರಿಕೆಟ್ ಮುಂದಿತ್ತು. ತೊಂದರೆ ಇರುವುದು ಹಣ ಹರಿಯುವ ಕಾಲುವೆಯಲ್ಲಿ. ಬಿಸಿಸಿಐನಿಂದ ರಾಜ್ಯ ಸಂಸ್ಥೆಗೆ, ಅಲ್ಲಿಂದ ಕ್ಲಬ್ಬು, ವಲಯಗಳಿಗೆ. ಕಾಲೇಜು ಆ ದಾರಿಯಲ್ಲೇ ಬರುವುದಿಲ್ಲ. ಕಲಬುರಗಿ ಜಿಲ್ಲೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಅಂದರೆ ಕೆಎಸ್‌ಸಿಎಯ ರಾಯಚೂರು ವಲಯದಲ್ಲಿದೆ. ಈಚಿನ ವರ್ಷಗಳಲ್ಲಿ ಕೆಎಸ್‌ಸಿಎ ಹೆಚ್ಚಾಗಿ ಪ್ರಥಮ ದರ್ಜೆ ಪಂದ್ಯ ನಡೆಸಿದ ಊರುಗಳನ್ನು ನೋಡಿ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ. ಕಲ್ಯಾಣ ಕರ್ನಾಟಕದ ಹುಡುಗ ಕ್ರಿಕೆಟ್ ಕನಸು ಕಂಡರೆ ಮೊದಲು ಬಾಡಿಗೆ ಕೋಣೆ ಹುಡುಕಬೇಕಾದದ್ದು ಬೆಂಗಳೂರಿನಲ್ಲಿ.

ಕ್ಯಾಮೆರಾ ಈ ಊರುಗಳಿಗೆ ಬಂದೇ ಇಲ್ಲ ಎಂದಲ್ಲ. ಈಗ ಟೆನಿಸ್ ಬಾಲ್ ಟೂರ್ನಿಯಿರಲಿ, ಜಾತ್ರೆಯ ಕಬಡ್ಡಿಯಿರಲಿ, ಯೂಟ್ಯೂಬ್ ಲೈವ್ ಇಲ್ಲದೆ ನಡೆಯುವುದು ಅಪರೂಪ. ಟ್ರೈಪಾಡ್ ಮೇಲೆ ಎರಡು ಕ್ಯಾಮೆರಾ, ಪೆಂಡಾಲ್ ಕೆಳಗೆ ಲ್ಯಾಪ್‌ಟಾಪ್, ಮೈಕ್ ಹಿಡಿದು ನಿಲ್ಲಿಸದೆ ಮಾತಾಡುವ ಒಬ್ಬ ಕಾಮೆಂಟ್ರಿಯವ, ಪರದೆಯ ಕೆಳಗೆ ಸರಿಯುವ ಸ್ಥಳೀಯ ಬಂಗಾರದ ಅಂಗಡಿ, ಬೀಜ ಗೊಬ್ಬರದ ಅಂಗಡಿಗಳ ಹೆಸರು. ಆದರೆ ಲೈವ್ ಮಾಡುವವನಿಗೆ ದಿನಕ್ಕಿಷ್ಟು ಎಂದು ಸಂಘಟಕರೇ ಕೊಡುತ್ತಾರೆ. ಹಕ್ಕು ಮಾರುವ ಮಾತು ದೂರ. ತೋರಿಸಿಕೊಳ್ಳಲು ದುಡ್ಡು ಕೊಡಬೇಕು.

ನಗುವಂಥದ್ದೇನೂ ಇಲ್ಲ. ಬಿಸಿಸಿಐ ಕೂಡ ಒಂದು ಕಾಲಕ್ಕೆ ಇದೇ ಸ್ಥಿತಿಯಲ್ಲಿತ್ತು. 1990ರ ದಶಕದ ಶುರುವಿನಲ್ಲಿ ಕ್ರಿಕೆಟ್ ತೋರಿಸಬೇಕಾದರೆ ಪಂದ್ಯಕ್ಕೆ 5 ಲಕ್ಷ ರೂಪಾಯಿ ಕೊಡಿ ಎಂದು ದೂರದರ್ಶನವೇ ಮಂಡಳಿಯನ್ನು ಕೇಳುತ್ತಿತ್ತು. ಮಂಡಳಿ ಟಿಡಬ್ಲ್ಯುಐ ಎಂಬ ವಿದೇಶಿ ಕಂಪನಿಗೆ ಹಕ್ಕು ಮಾರಿ ಲೆಕ್ಕವನ್ನು ತಿರುವುಮುರುವು ಮಾಡಿತು. 1993ರ ಹೀರೋ ಕಪ್ ವೇಳೆ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ಜಗಳ ನಡೆದು ಅದು ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರುವರಿ 9ರ ತೀರ್ಪು, ಗಾಳಿಯ ತರಂಗಗಳು ಸರ್ಕಾರದ ಸ್ವತ್ತಲ್ಲ, ಜನರ ಸ್ವತ್ತು ಎಂದಿತು. ಇಂದಿನ 48 ಸಾವಿರ ಕೋಟಿಯ ಮೂಲ ಅಲ್ಲಿದೆ. ಮಂಡಳಿಗೆ ಬೆಲೆ ಬಂದದ್ದು ಆಟ ಒಮ್ಮೆಗೇ ಸುಧಾರಿಸಿತು ಎಂದಲ್ಲ. ಮಾರುವ ಹಕ್ಕು ತನ್ನದೆಂದು ಹಟ ಹಿಡಿದದ್ದಕ್ಕೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಯ ಪ್ರಸಾರ ಹಕ್ಕು ಯಾರದು ಎಂದು ಯಾರಾದರೂ ಎಲ್ಲಾದರೂ ಬರೆದಿಟ್ಟಿದ್ದಾರೆಯೇ? ನನಗಂತೂ ಅನುಮಾನ. ಇವತ್ತಿಗೆ ಅದರ ಬೆಲೆ ಶೂನ್ಯವೇ ಇರಬಹುದು. 1992ರಲ್ಲಿ ಭಾರತದ ಕ್ರಿಕೆಟ್ ಪಂದ್ಯದ ಬೆಲೆ ಶೂನ್ಯಕ್ಕಿಂತಲೂ ಕೆಳಗಿತ್ತು.

ನೋಡಲು ಜನ ಬೇಕಲ್ಲ ಎನ್ನಬಹುದು. ಅದಕ್ಕೆ ಜಿದ್ದು ಬೇಕು. ಜಿದ್ದು ಅಕ್ಕಪಕ್ಕದವರ ನಡುವೆಯೇ ಹುಟ್ಟುವುದು. ಸೇಡಂನ ನಿಜವಾದ ಎದುರಾಳಿ ಯಾರು? ನಕ್ಷೆ ಹಿಡಿದು ನೋಡಿದರೆ ತಾಂಡೂರು. ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿ ವಾಡಿ ಬಿಟ್ಟರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಮುಂದೆ ತಾಂಡೂರು. ಎರಡೂ ಕಡೆ ಅದೇ ತೊಗರಿ, ನೆಲದಡಿ ಅದೇ ಸುಣ್ಣದ ಕಲ್ಲು, ಅಂಗಳಕ್ಕೆ ಹಾಸುವ ಅದೇ ಫರಸಿ. 1956ರವರೆಗೆ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು; ಆಗ ಗಡಿ ಬದಲಾಗಿ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಸೇಡಂನ ಕಾಲೇಜು ತಾಂಡೂರಿನ ಕಾಲೇಜಿನೊಡನೆ ಅಧಿಕೃತವಾಗಿ ಆಡುವ ಟೂರ್ನಿ ಯಾವುದೂ ಇಲ್ಲ. ಅದೇ ಸೇಡಂ ಹುಡುಗ ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದರೆ ಆಡಲು ಕೇರಳಕ್ಕೋ ತಮಿಳುನಾಡಿಗೋ ಹೋಗಬೇಕಾದೀತು. ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್‌ಗೆ ಹಾರಿದ ಕಥೆ ಕೇಳಿ ನಕ್ಕವರು ಇದನ್ನೂ ಒಮ್ಮೆ ಯೋಚಿಸಬೇಕು. ಚಿಂಚೋಳಿಗಂತೂ ರೈಲೇ ಇಲ್ಲ. ಅಲ್ಲಿನ ತಂಡ ಕಲಬುರಗಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮೈದಾನಕ್ಕೆ ಇಳಿಯಬೇಕಾದರೆ ಕತ್ತಲಲ್ಲೇ ಬಸ್ ಹತ್ತಬೇಕು.

ತಾಲ್ಲೂಕು ಮಟ್ಟದಲ್ಲೂ ಇಂಥ ಪುನರ್ವಿಂಗಡಣೆ ಆಗಿದೆ. ಶಹಾಬಾದ್ ಚಿತ್ತಾಪುರದಿಂದ ಬೇರ್ಪಟ್ಟು ಸ್ವಂತ ತಾಲ್ಲೂಕಾಯಿತು; ಕಾಳಗಿ ಹೊಸದಾಗಿ ಹುಟ್ಟಿತು. ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ವಿಭಾಗ, ಅಲ್ಲಿಂದ ಮೈಸೂರಿಗೆ ಹೋಗುವ ಮೆಟ್ಟಿಲಲ್ಲಿ ಶಹಾಬಾದಿಗೆ ಈಗ ತನ್ನದೇ ಮೊದಲ ಮೆಟ್ಟಿಲಿದೆ. ವಾಡಿ ಮಾತ್ರ ಇನ್ನೂ ಚಿತ್ತಾಪುರ ತಾಲ್ಲೂಕಿನಲ್ಲೇ ಉಳಿದಿದೆ.

ಈ ಊರುಗಳ ಮೈದಾನಗಳಲ್ಲಿ ವರ್ಷವಿಡೀ ನಿಲ್ಲದೆ ನಡೆಯುವ ಸ್ಪರ್ಧೆಗೆ ಟ್ರೋಫಿಯೇ ಇಲ್ಲ. ಬೆಳಗಿನ ಜಾವ ಬಿಸಿಲೇರುವ ಮುಂಚೆ ಓಡುವ ಹುಡುಗರದ್ದು ಅದು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಅದಕ್ಕೆ ತಯಾರಾಗುವವರಲ್ಲಿ ಒಳ್ಳೆಯ ಮಧ್ಯಮ ದೂರದ ಓಟಗಾರರಿರುತ್ತಾರೆ. ನೌಕರಿ ಸಿಕ್ಕ ದಿನ ಅವರ ಓಟ ನಿಲ್ಲುತ್ತದೆ. ನೌಕರಿ ಸಿಗದವರದ್ದು ವಯಸ್ಸಿನ ಮಿತಿ ದಾಟಿದ ದಿನ ನಿಲ್ಲುತ್ತದೆ.

ಹಾಗಾದರೆ ಈ ನಾಡಿನಲ್ಲಿ ಹಣವೇ ಇಲ್ಲವೇ? ಇದು ಸಿಮೆಂಟ್ ಸೀಮೆ. ವಾಡಿಯ ಎಸಿಸಿ 2022ರ ಸೆಪ್ಟೆಂಬರ್‌ನಲ್ಲಿ ಅದಾನಿ ಸಮೂಹದ ಕೈಗೆ ಹೋಯಿತು. ಸೇಡಂನ ವಾಸವದತ್ತಾ ಸಿಮೆಂಟ್ ಕೇಸೋರಾಮ್‌ನಿಂದ ಅಲ್ಟ್ರಾಟೆಕ್ ಪಾಲಾಯಿತು. ಮಳಖೇಡದ ರಾಜಶ್ರೀ ಮೊದಲೇ ಅಲ್ಟ್ರಾಟೆಕ್‌ನದು. ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸಿನ ವಿಕಾ ಒಡೆತನದ ಕಾರ್ಖಾನೆ ಇದೆ. ಮಾಲೀಕರ ಈ ಅದಲು ಬದಲಿಗೂ ಆಟಕ್ಕೂ ಏನು ಸಂಬಂಧ ಎಂದರೆ, ವಾಡಿಯ ಕಾರ್ಖಾನೆಯನ್ನು ಕೊಂಡ ಅದೇ ಸಮೂಹ 2023ರ ಜನವರಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಅಹಮದಾಬಾದ್ ತಂಡಕ್ಕೆ 1,289 ಕೋಟಿ ರೂಪಾಯಿ ಕೊಟ್ಟಿತು. ಪ್ರೊ ಕಬಡ್ಡಿಯಲ್ಲೂ ಅದರದ್ದೊಂದು ತಂಡ ಇದೆ. ಕ್ರೀಡೆಯಲ್ಲಿ ದುಡ್ಡು ಹೂಡುವುದು ಗೊತ್ತಿಲ್ಲದ ಮಾಲೀಕರಲ್ಲ ಇವರು. ಅಲ್ಲಿ ಹಾಕಿದ ದುಡ್ಡು ಪ್ರಸಾರ ಹಕ್ಕಿನ ಪಾಲಾಗಿ ತಿರುಗಿ ಬರುತ್ತದೆಂಬ ಲೆಕ್ಕವಿದೆ. ವಾಡಿಯ ಹುಡುಗಿಯರ ವಾಲಿಬಾಲ್‌ನಿಂದ ಏನೂ ಬರದು. ವ್ಯಾಪಾರಸ್ಥರನ್ನು ವ್ಯಾಪಾರ ಮಾಡಿದ್ದಕ್ಕೆ ದೂರುವುದರಲ್ಲಿ ಅರ್ಥವಿಲ್ಲ.

ಆದರೆ ವ್ಯಾಪಾರವಲ್ಲದ ಹಣವೂ ಅವರ ಬಳಿ ಕಾನೂನಿನಂತೆಯೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ಕಾರ್ಖಾನೆ ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಯಾವುದಕ್ಕೆ ಖರ್ಚು ಮಾಡಬಹುದೆಂಬ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಹೆಸರಿಸಲ್ಪಟ್ಟಿದೆ. ಶಾಲೆಯ ಗೋಡೆಗೆ ಬಣ್ಣ, ಕುಡಿಯುವ ನೀರಿನ ಟ್ಯಾಂಕು ಕೇಳಿದವರಿದ್ದಾರೆ. 400 ಮೀಟರ್ ಓಟದ ಟ್ರ್ಯಾಕ್, ತರಬೇತುದಾರನ ಸಂಬಳ, ಸೇಡಂ–ತಾಂಡೂರು ವಾರ್ಷಿಕ ಟೂರ್ನಿ ಕೇಳಿದವರು ಎಷ್ಟು ಮಂದಿ?

ಈ ಐದು ಊರುಗಳ ಕಾಲೇಜುಗಳ ಪಿ.ಡಿ.ಗಳು ಒಂದು ಮೇಜಿನ ಸುತ್ತ ಕೂತು ಮೂರು ಅರ್ಜಿ ಬರೆಯಬಹುದು. ಮೊದಲನೆಯದು ಕಾರ್ಖಾನೆಗಳಿಗೆ, 135ನೇ ಕಲಮನ್ನು ಹೆಸರಿಸಿ. ಎರಡನೆಯದು ವಿಶ್ವವಿದ್ಯಾಲಯಕ್ಕೆ: ಅಂತರ ಕಾಲೇಜು ಟೂರ್ನಿಯ ಪ್ರಸಾರ ಹಕ್ಕು ಯಾರದೆಂದು ನಿಯಮದಲ್ಲಿ ಬರೆಯಿರಿ, ಫೈನಲ್‌ಗಳನ್ನಾದರೂ ನಿಮ್ಮದೇ ಚಾನೆಲ್‌ನಲ್ಲಿ ತೋರಿಸಿ, ಜಾಹೀರಾತು ಬಂದರೆ ಆಡಿದ ಕಾಲೇಜುಗಳಿಗೆ ಪಾಲು ಕೊಡಿ ಎಂದು. ಮೂರನೆಯದು ಕೆಎಸ್‌ಸಿಎಗೆ: ಗುಲ್ಬರ್ಗಾ ಎಂಬ ಹೆಸರಿನ ತಂಡ ವರ್ಷಕ್ಕೆ ಒಂದು ವಾರವಾದರೂ ಕಲಬುರಗಿಯಲ್ಲಿ ಅಭ್ಯಾಸ ಮಾಡಲಿ, ನಮ್ಮ ಹುಡುಗರಿಗೆ ನೆಟ್‌ನಲ್ಲಿ ಬೌಲಿಂಗ್ ಮಾಡುವ ಅವಕಾಶ ಕೊಡಲಿ. ಇದಕ್ಕೆ ಹೊನಲು ಬೆಳಕೂ ಬೇಕಿಲ್ಲ, ಪ್ರಸಾರ ಹಕ್ಕೂ ಬೇಕಿಲ್ಲ. ಈಗಿನ ಐಪಿಎಲ್ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಹೊಸ ಹರಾಜಿನ ಮೊತ್ತ ಪತ್ರಿಕೆಗಳ ಮುಖಪುಟಕ್ಕೆ ಬರುವ ಮೊದಲು ಈ ಮೂರು ಅರ್ಜಿಗಳು ಅಂಚೆಗೆ ಬೀಳಲಿ.